ಬೋರಲು ರೊಟ್ಟಿ

ರಜೆಗೆ ಊರಿಗೆ ಹೋಗುವವರು ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗುತ್ತಾರೇನು?

ಲೀಬೆರಾ ಕೇಳಬೇಕೆಂದಿದ್ದಳು, ಕೇಳಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ರುಜ್ಜೇರೊ ಆ ಯಂತ್ರಕ್ಕೆ ಕಂಬಳಿ ಸುತ್ತಿ ಕಾರಿನ ನೆತ್ತಿಯ ಮೇಲೆ ಕೂರಿಸಿದ. ಅವಳ ಗಂಡ ಸವೀನೊ ತಮ್ಮ ಪೆಟ್ಟಿಗೆಗಳನ್ನು ಆಗಲೇ ಎಳೆದು ಕಟ್ಟಿದ್ದ. ಅವನ ಹಗ್ಗದಲ್ಲಿ ಇನ್ನೂ ಮಾರುದ್ದ ಉಳಿದಿತ್ತು. ರುಜ್ಜೇರೊ ಅದನ್ನು ಮುಟ್ಟಲಿಲ್ಲ. ಜೇಬಿನಿಂದ ತನ್ನದೇ ಹಗ್ಗ ತೆಗೆದು ತನ್ನ ಸಾಮಾನಿಗೆ ಬೇರೆ ಗಂಟು ಹಾಕಿದ. ಒಂದೇ ಕಾರಿನ ತಲೆಯ ಮೇಲೆ ಎರಡು ಮನೆಯ ಎರಡು ಹೊರೆ, ನಡುವೆ ಗೇಣು ಜಾಗ.

ಟುರಿನ್ನಿನ ಆ ಬೀದಿಯಲ್ಲಿ ಅವತ್ತು ಬೆಳಗ್ಗೆ ಎಲ್ಲರಿಗೂ ಇದೇ ಕೆಲಸ. ಆಗಸ್ಟ್ ಬಂತೆಂದರೆ ಕಾರ್ಖಾನೆಗಳೆಲ್ಲ ಒಟ್ಟಿಗೇ ಬಾಗಿಲು ಹಾಕುತ್ತವೆ, ದಕ್ಷಿಣದಿಂದ ಬಂದ ದುಡಿಯುವ ಜನ ಒಟ್ಟಿಗೇ ಊರಿನ ದಾರಿ ಹಿಡಿಯುತ್ತಾರೆ. ಉತ್ತರದವರು ಈ ಜನಕ್ಕೆ ಇಟ್ಟ ಹೆಸರು ‘ಮಣ್ಣಿನವರು’. ಮಣ್ಣಿನವರಿಗೆ ಮನೆ ಕೊಡುವುದಿಲ್ಲ ಎಂದು ಬಾಗಿಲಿಗೆ ಹಲಗೆ ತೂಗುಹಾಕಿದ ನಗರ ಇದು. ಅದೇ ಮಣ್ಣಿನ ಕೈಗಳೇ ಅದರ ಕಾರು, ಅದರ ಟೈರು, ಅದರ ಬಟ್ಟೆ ಒಗೆಯುವ ಯಂತ್ರ ಎಲ್ಲವನ್ನೂ ಮಾಡಿ ಕೊಟ್ಟವು. ಸವೀನೊ, ರುಜ್ಜೇರೊ ಇಬ್ಬರೂ ಬಟ್ಟೆ ಒಗೆಯುವ ಯಂತ್ರದ ಕಾರ್ಖಾನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ದುಡಿದವರು. ಅವರ ಹೆಂಡಿರು ಮಾತ್ರ ಇವತ್ತಿಗೂ ಅಂಗಳದ ಕಲ್ಲಿನ ಮೇಲೇ ಬಟ್ಟೆ ಕುಕ್ಕುತ್ತಾರೆ.

ದುಡಿದವರು ಎನ್ನಬೇಕು, ಯಾಕೆಂದರೆ ರುಜ್ಜೇರೊ ಈಗ ಅಲ್ಲಿಲ್ಲ. ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಅರ್ಧ ಜನರನ್ನು ಮನೆಗೆ ಕಳಿಸುತ್ತೇವೆಂದು ಕಾರ್ಖಾನೆಯವರು ಹೇಳಿದಾಗ ಮುಷ್ಕರ ಎದ್ದಿತು. ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕೂತರು. ತುಂಬು ಬಸುರಿ ಲೀಬೆರಾ ದಿನಾ ಕಾಳಿನ ಸಾರು ಹೊತ್ತುಕೊಂಡು ಹೋಗಿ ಬಡಿಸಿದಳು. ಒಂದು ಬೆಳಗ್ಗೆ, ಬೆಂಕಿ ಇನ್ನೂ ಉರಿಯುತ್ತಿರುವಾಗಲೇ, ಸವೀನೊ ಹಿಂದಿನ ಗೇಟಿನಿಂದ ಒಳಗೆ ಹೋಗಿಬಿಟ್ಟ. ಕೇಳಿದವರಿಗೆ “ಹೆಂಡತಿ ಬಸುರಿ, ಮಗು ಬರ್ತಾ ಇದೆ” ಅಂದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಹಿಂಡು. ಮುಷ್ಕರ ಮುರಿಯಿತು. ಸವೀನೊನ ಕೆಲಸ ಉಳಿಯಿತು. ಗೇಟಿನಲ್ಲಿ ಕೊನೆಯವರೆಗೂ ಕೂತಿದ್ದ ರುಜ್ಜೇರೊನ ಕೆಲಸ ಹೋಯಿತು.

ಲೀಬೆರಾಳನ್ನು ಯಾರೂ ಕೇಳಿರಲಿಲ್ಲ. ಅವಳ ಹೊಟ್ಟೆ ತೋರಿಸಿ ಗಂಡ ಒಳಗೆ ಹೋದಾಗ ಅವಳು ಹೊರಗೆ ಸೌಟು ಹಿಡಿದು ನಿಂತಿದ್ದಳು. ಆ ಸಿಟ್ಟು ಹೆರಿಗೆಯ ನೋವಿನಲ್ಲೂ ಕರಗಿರಲಿಲ್ಲ.

ಈ ಇಬ್ಬರು ಗಂಡಸರು ಬರೀ ಗೆಳೆಯರಾಗಿದ್ದರೆ ಮುಖ ತಿರುಗಿಸಿಕೊಂಡು ಬದುಕಬಹುದಿತ್ತು. ಆದರೆ ಅವರು ಕಂಪಾರೆಗಳು. ಪಾದ್ರಿ ತಲೆಗೆ ನೀರು ಹಾಕುವ ದೀಕ್ಷಾಸ್ನಾನದ ಹೊತ್ತಿಗೆ ಮಗುವನ್ನು ಎತ್ತಿ ಹಿಡಿದವನು ಅದಕ್ಕೆ ಜ್ಞಾನ ತಂದೆ, ಅಲ್ಲಿಂದ ಎರಡೂ ಮನೆಯ ಗಂಡಸರು ಒಬ್ಬರಿಗೊಬ್ಬರು ಕಂಪಾರೆ, ಹೆಂಗಸರು ಕೊಮಾರೆ. ಅಣ್ಣತಮ್ಮಂದಿರು ಬೇರೆಯಾದರೆ ಊರು ಒಪ್ಪುತ್ತದೆ, ಕಂಪಾರೆಗಳು ಬೇರೆಯಾದರೆ ಒಪ್ಪುವುದಿಲ್ಲ. ರುಜ್ಜೇರೊನ ಮಗಳು ನುಂತ್ಸಿಯಾಳನ್ನು ಒಂಬತ್ತು ವರ್ಷದ ಹಿಂದೆ ಎತ್ತಿ ಹಿಡಿದವನು ಸವೀನೊ. ಈಗ ಲೀಬೆರಾಳ ಕೂಸು ಮಿಕೇಲೆಯನ್ನು ಹಿಡಿಯುವ ಸರದಿ ರುಜ್ಜೇರೊನದು. ಕೂಸು ಹೊಟ್ಟೆಯಲ್ಲಿದ್ದಾಗಲೇ ಮಾತಾಗಿತ್ತು. ಮಾತೆ ಮರಿಯಳ ಹಬ್ಬದ ದಿನ, ಊರಿನ ಇಗರ್ಜಿಯಲ್ಲಿ.

ಹಿಡಿಯುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಲೀಬೆರಾ ಅವನ ಮನೆಗೇ ಹೋಗಿ ಕೇಳಿದ್ದಳು.

“ಊರಿಗೆ ಬರ್ತೀನಿ ಕೊಮಾರೆ, ಅದು ನನ್ನ ಊರೂ ಹೌದಲ್ಲ,” ಅಂದಿದ್ದ ರುಜ್ಜೇರೊ. “ನನ್ನ ಕಾರು ಮಾರಿ ತಿಂದಾಯ್ತು. ನಿಮ್ಮ ಮುಖ ನೋಡಿ ನಿಮ್ಮ ಕಾರಲ್ಲೇ ಕೂರ್ತೀನಿ. ಆದ್ರೆ ಅವನ ರೊಟ್ಟಿ ಮುಟ್ಟಲ್ಲ. ಮಗು ವಿಷಯ... ನೋಡೋಣ.”

ಆ ‘ನೋಡೋಣ’ ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಮಾತು ಕೊಟ್ಟ ಕಂಪಾರೆ ಕೈಬಿಟ್ಟ ಕೂಸನ್ನು ಅವರ ಬೆಟ್ಟದೂರಿನಲ್ಲಿ ಇನ್ನೊಬ್ಬರು ಎತ್ತಿಕೊಳ್ಳುವುದಿಲ್ಲ. ‘ಬಿಟ್ಟ ಮಗು’ ಎಂದು ಮುದುಕನಾಗುವವರೆಗೂ ಕರೆಯುತ್ತಾರೆ. ಅಪ್ಪ ಮಾಡಿದ್ದನ್ನು ಹಣೆಯ ಮೇಲೆ ಹೊತ್ತುಕೊಂಡು ಬೆಳೆಯಬೇಕೇ ತನ್ನ ಮಿಕೇಲೆ?

ಗಂಡಸರು ಮುಂದೆ, ಹೆಂಗಸರು ಮಕ್ಕಳು ಹಿಂದೆ, ಇದು ಅವರ ಕಡೆಯ ವಾಡಿಕೆ. ರುಜ್ಜೇರೊ ಹಿಂದಿನ ಬಾಗಿಲು ತೆಗೆದು ಕಿಟಕಿ ಪಕ್ಕ ಕೂತ. ಅವನ ಹೆಂಡತಿ ಮೇನಾ ಲೀಬೆರಾಳ ಕಡೆ ನೋಡಿ ಹುಬ್ಬು ಹಾರಿಸಿ, ಮಗಳನ್ನು ನಡುವೆ ತುರುಕಿಕೊಂಡಳು. ಲೀಬೆರಾ ಕೂಸಿನ ಜೊತೆ ಮುಂದೆ ಕೂತಳು. ಕಾರು ಹೊರಟಿತು.

ಪಿಯಾಚೆಂತ್ಸಾ ಊರು ದಾಟುವವರೆಗೂ ಗಂಡಸರಿಬ್ಬರೂ ತುಟಿ ಬಿಚ್ಚಲಿಲ್ಲ. ಆಮೇಲೆ ಸವೀನೊ ಕನ್ನಡಿಯಲ್ಲಿ ಹಿಂದೆ ನೋಡುತ್ತ ಅಂದ:

“ನುಂತ್ಸಿಯಾ, ಗಾಳಿ ಜಾಸ್ತಿ ಆಯ್ತಾ ಅಂತ ನಿಮ್ಮಪ್ಪನ್ನ ಕೇಳು ಮರಿ.”

“ಅಪ್ಪಾ, ಪದ್ರೀನೊ ಕೇಳ್ತಿದಾರೆ, ಗಾಳಿ ಜಾಸ್ತಿ ಆಯ್ತಾ?” ಜ್ಞಾನ ತಂದೆಯನ್ನು ಅವಳು ಕರೆಯುತ್ತಿದ್ದುದೇ ಹಾಗೆ, ಪದ್ರೀನೊ ಎಂದು.

“ಗಾಳಿ ನಂಗೆ ಹೊಸದಲ್ಲ ಅಂತ ಹೇಳು. ಗೇಟಿನ ಹೊರಗೆ ಕೂತು ಅಭ್ಯಾಸ ಆಗಿದೆ ಅನ್ನು.”

“ಪದ್ರೀನೊ, ಅಪ್ಪಂಗೆ ಗಾಳಿ...”

“ಕೇಳಿಸ್ತು ಬಿಡು.”

“ಕೇಳಿಸೋದಾದ್ರೆ ನನ್ನನ್ಯಾಕೆ ಮಧ್ಯ ಎಳೀತೀರಿ?” ನುಂತ್ಸಿಯಾ ತಾಯಿಯ ಕಡೆ ತಿರುಗಿದಳು. “ಅಮ್ಮಾ, ಇವರಿಬ್ರಿಗೂ ಕಿವಿ ಇದೆ, ಬಾಯಿ ಇದೆ. ಏನಾಗಿದೆ ಇವರಿಗೆ?”

“ಗಂಡಸ್ರಾಗಿದಾರೆ,” ಅಂದಳು ಮೇನಾ. “ಅದಕ್ಕೆ ಔಷಧಿ ಇಲ್ಲ. ನೀನು ಮಾತು ದಾಟಿಸು. ದಾಟಿಸಿದ್ದಕ್ಕೆಲ್ಲ ಐಸ್‌ಕ್ರೀಮು ಕೇಳು.”

ಪಾರ್ಮಾ, ಮೋದೆನಾ ಹಿಂದೆ ಸರಿದವು. ಐಸ್‌ಕ್ರೀಮಿನ ಸಾಲ ಏರುತ್ತ ಹೋಯಿತು. ಎದುರಿಗೂ ಹಿಂದೆಯೂ ಇಂಥವೇ ಕಾರುಗಳು. ನೆತ್ತಿಯ ಮೇಲೆ ಹಾಸಿಗೆ, ಸೈಕಲ್ಲು, ತಲೆಕೆಳಗಾದ ಕುರ್ಚಿ. ಊರಿನಲ್ಲಿ ಉಳಿದವರಿಗೆ ತಾವು ಬದುಕಿದ್ದೇವೆ ಎಂದು ತೋರಿಸಲು ಒಂದು ಇಡೀ ಜನಾಂಗ ವರ್ಷಕ್ಕೊಮ್ಮೆ ಹೀಗೆ ಮನೆ ಹೊತ್ತುಕೊಂಡು ಓಡುತ್ತದೆ. ಲೀಬೆರಾ ನೆತ್ತಿಯ ಮೇಲಿನ ಹೊಲಿಗೆ ಯಂತ್ರವನ್ನೇ ನೆನೆಯುತ್ತಿದ್ದಳು.

ಬೊಲೊನ್ಯಾ ದಾಟಿದ ಮೇಲೆ ಸಾಲು ನಿಧಾನವಾಯಿತು, ತೆವಳಿತು, ಕೊನೆಗೆ ನಿಂತೇಬಿಟ್ಟಿತು. ನೆತ್ತಿಯ ಮೇಲೆ ಸೂರ್ಯ. ಬಾನೆಟ್ಟಿನ ಸಂದಿಯಿಂದ ಹಬೆ ಬರತೊಡಗಿತು. ಇಂಜಿನ್ನಿನ ಕಾವು ಇಳಿಸಲು ಬಡವರ ಕಾರಿಗೆ ಇರುವುದು ಒಂದೇ ಉಪಾಯ. ಆ ಕಾವನ್ನು ಒಳಗೆ ಎಳೆದುಕೊಳ್ಳಲು ಸವೀನೊ ಹೀಟರನ್ನು ಪೂರ್ತಿ ತಿರುಗಿಸಿದ. ಬಿಸಿಗಾಳಿ ಭುಸ್ಸೆಂದು ಒಳಗೆ ನುಗ್ಗಿತು.

“ಆಗಸ್ಟಲ್ಲಿ ಹೀಟರು!” ಮೇನಾ ಕುತ್ತಿಗೆಗೆ ಕರವಸ್ತ್ರ ಒತ್ತಿಕೊಂಡಳು. “ಕಂಪಾರೆ, ನಮ್ಮನ್ನ ಊರಿಗೆ ಕರ್ಕೊಂಡು ಹೋಗ್ತಿದೀರೋ, ಬೇಯಿಸಿ ಬಡಿಸೋಕೆ ಹೊರಟಿದೀರೋ?”

“ಇಂಜಿನ್ನು ಸತ್ರೆ ನಡ್ಕೊಂಡು ಹೋಗ್ಬೇಕಾಗುತ್ತೆ ಕೊಮಾರೆ.”

“ನುಂತ್ಸಿಯಾ,” ರುಜ್ಜೇರೊ ಕಿಟಕಿಯ ಹೊರಗೇ ನೋಡುತ್ತ ಅಂದ, “ನಿನ್ನ ಪದ್ರೀನೊಗೆ ಹೇಳು, ಕಾರು ನಿಲ್ಲಿಸಿ ಬಾನೆಟ್ ಎತ್ತಲಿ. ಎಲ್ಲಾದಕ್ಕೂ ಒಳಗೇ ಕೂತಿರ್ಬೇಕು ಅಂತ ಇಲ್ಲ.”

ನುಂತ್ಸಿಯಾ ಅದನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಸವೀನೊನ ಕಿವಿಯ ತುದಿ ಕೆಂಪಾಗಿತ್ತು. ಅವನು ಕಾರು ಆರಿಸಿ ಇಳಿದ.

ಎಲ್ಲರೂ ಇಳಿದಿದ್ದರು. ಹೆದ್ದಾರಿ ಸಂತೆಯಾಗಿತ್ತು. ಯಾರೋ ಕಲ್ಲಂಗಡಿ ಸೀಳುತ್ತಿದ್ದರು, ಯಾರದೋ ರೇಡಿಯೊ ಹಾಡುತ್ತಿತ್ತು. ಪಕ್ಕದಲ್ಲಿ ನಿಂತ ವ್ಯಾನಿನಲ್ಲಿ ಕಲಾಬ್ರಿಯಾದ ಕಡೆಗೆ ಹೊರಟ ದಂಪತಿ. ಸುತ್ತ ಎಲ್ಲಿ ನೋಡಿದರೂ ಕಟಾವಾದ ಹೊಲ, ಕೈಯಗಲದ ನೆರಳಿಲ್ಲ.

ಲೀಬೆರಾ ಕೂಸಿನ ಬಾಯಿಗೆ ಮೊಲೆ ಕೊಟ್ಟಳು. ಅದು ಹಿಡಿಯಲಿಲ್ಲ. ಇನ್ನೊಮ್ಮೆ ಕೊಟ್ಟಳು. ತಲೆ ಪಕ್ಕಕ್ಕೆ ವಾಲಿತು. ಮುಖ ಕೆಂಪಾಗಿ, ಕಣ್ಣು ಅರ್ಧ ಮುಚ್ಚಿ, ಅಳಲೂ ಶಕ್ತಿಯಿಲ್ಲದ ಹಾಗೆ ತೋಳಿನ ಮೇಲೆ ಜೋತುಬಿದ್ದಿತ್ತು.

“ಮೇನಾ,” ಅಂದಳು. “ಮೇನಾ, ಇವನನ್ನ ನೋಡೇ.”

ಮೇನಾ ನೋಡಿದಳು. ಗಂಡನನ್ನು ನೋಡಿದಳು. ರುಜ್ಜೇರೊ ಕಾರಿನ ಮೇಲೆ ಹತ್ತಿ, ತನ್ನ ಹಗ್ಗದ ಗಂಟು ಬಿಚ್ಚಿ, ಹೊಲಿಗೆ ಯಂತ್ರದ ಕಂಬಳಿ ಸರಿಸಿದ. ಕಂಬಳಿಯೊಳಗೆ ಇನ್ನೊಂದು ಬಟ್ಟೆ ಸುತ್ತಿತ್ತು. ಅದನ್ನು ಎಳೆದ. ಎಳೆದಷ್ಟೂ ಬಂತು, ಕೆಂಪಗೆ, ಕೋಣೆಯಷ್ಟು ಅಗಲ.

ಮುಷ್ಕರದ ಬಾವುಟ. ಅದನ್ನು ಹೊಲಿದವರು ಈ ಇಬ್ಬರು ಹೆಂಗಸರೇ, ಇದೇ ಯಂತ್ರದ ಮೇಲೆ. ಅದರ ಬಿಳಿ ಅಕ್ಷರಗಳಿಗೆಂದು ಲೀಬೆರಾ ತನ್ನ ಮದುವೆಗೆ ತಾಯಿ ನೇಯಿಸಿಕೊಟ್ಟ ಹೊದಿಕೆಯನ್ನು ಕತ್ತರಿಸಿ ಕೊಟ್ಟಿದ್ದಳು. ‘ಕೆಲಸ ನಮ್ಮದು’ ಎಂದು ಬರೆದಿತ್ತು. ಮುಷ್ಕರ ಮುರಿದ ದಿನ ಅದು ಎಲ್ಲಿ ಹೋಯಿತೆಂದು ಅವಳು ಕೇಳಿರಲಿಲ್ಲ.

ರುಜ್ಜೇರೊ ಒಂದು ಅಂಚನ್ನು ಕಾರಿನ ನೆತ್ತಿಗೆ, ಇನ್ನೊಂದನ್ನು ಆ ಹಗ್ಗದಿಂದ ವ್ಯಾನಿನ ಕಂಬಿಗೆ ಬಿಗಿದ. ಕೆಳಗೆ ಕೆಂಪು ನೆರಳು ಬಿತ್ತು.

ಕಲಾಬ್ರಿಯಾದವನು ತಲೆಯೆತ್ತಿ ಓದಿದ. “ಏನ್ ಕಂಪಾ, ಇಲ್ಲೂ ಮುಷ್ಕರಾನಾ?”

“ಹೌದಪ್ಪ. ಸೂರ್ಯನ ಮೇಲೆ.”

“ಹಂಗಾದ್ರೆ ನಂದೂ ಒಂದು ಓಟು,” ಎಂದು ಅವನು ಹೆಂಡತಿಯನ್ನೂ ಕರೆದುಕೊಂಡು ಒಳಗೆ ನುಗ್ಗಿದ. ಅವನ ಹೆಂಡತಿಯ ಪೆಟ್ಟಿಗೆಯಲ್ಲಿ ತಣ್ಣನೆ ನೀರಿತ್ತು.

ಒದ್ದೆ ಬಟ್ಟೆಯಿಂದ ಕೂಸಿನ ಹಣೆ, ಕಂಕುಳು, ಅಂಗಾಲು ಒರೆಸಿದರು. ಮೇನಾ ಬೀಸಿದಳು. ಕಾಯ್ದರು. ಸ್ವಲ್ಪ ಹೊತ್ತಿಗೆ ಕೂಸು ಕಣ್ಣು ಬಿಟ್ಟು, ತಲೆಯ ಮೇಲಿನ ಕೆಂಪನ್ನು ಕಂಡು ಬೆರಗಾಗಿ, ಬಾಯಿ ಸೊಟ್ಟ ಮಾಡಿ ಜೋರಾಗಿ ಅತ್ತಿತು. ಲೀಬೆರಾ ಎದೆಗೊತ್ತಿಕೊಂಡಳು. ಈ ಸಲ ಹಿಡಿಯಿತು, ಗಬಗಬನೆ ಕುಡಿಯಿತು. ಅವಳ ಕಣ್ಣಿಂದ ನೀರು ಅದರ ತಲೆಯ ಮೇಲೆ ತೊಟ್ಟಿಕ್ಕಿತು.

“ನೋಡು, ನೀನೇ ದೀಕ್ಷಾಸ್ನಾನ ಮಾಡಿಸ್ತಿದೀಯ,” ಅಂದಳು ಮೇನಾ. “ಪಾದ್ರಿಗೆ ಕೆಲಸ ಇಲ್ಲದ ಹಾಗಾಯ್ತು.”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಲೀಬೆರಾ ಕೇಳಿಯೇಬಿಟ್ಟಳು: “ನೀವು ವಾಪಸ್ ಬರಲ್ಲ. ಅಲ್ವಾ?”

ಮೇನಾ ಬೀಸುವುದನ್ನು ನಿಲ್ಲಿಸಲಿಲ್ಲ. “ಬರಲ್ಲ. ಇವರಿಗೆ ಅಲ್ಲಿ ಯಾರೂ ಕೆಲಸ ಕೊಡಲ್ಲ, ಗೇಟಲ್ಲಿ ಕೂತವರ ಮುಖ ಎಲ್ಲರಿಗೂ ಗೊತ್ತು. ಊರಲ್ಲಿ ನಾನು ಹೊಲೀತೀನಿ, ಇವರು ಏನಾದ್ರೂ ಮಾಡ್ತಾರೆ.”

“ಯಾವಾಗ ಹೇಳ್ಬೇಕು ಅಂತಿದ್ದೆ?”

“ನೀನು ವಾಪಸ್ ಹೊರಡೋ ದಿನ, ಕಾರು ಹತ್ತಿದ ಮೇಲೆ. ಅಳೋಕೆ ಹೊತ್ತೇ ಸಿಗಬಾರ್ದು ಅಂತ.”

“ಹಾಳಾದವಳೆ,” ಅಂದಳು ಲೀಬೆರಾ. ಇನ್ನು ಅಂಗಳದ ಕಲ್ಲಿನ ಹತ್ತಿರ ತಾನೊಬ್ಬಳೇ. ಮೇನಾಳ ಮೊಣಕೈ ಹಿಡಿದುಕೊಂಡಳು, ಬಿಡಲಿಲ್ಲ.

ಆಗ ಗಂಡ ಅವಳ ಕಣ್ಣಿಗೆ ಬಿದ್ದ. ಸವೀನೊ ನೆರಳಿನ ಹೊರಗೆ, ಬಿಸಿಲಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದ. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಬಾವುಟದ ನೆರಳಿನ ಅಂಚು ಅವನ ಬೂಟಿನಿಂದ ಒಂದು ಹೆಜ್ಜೆ ಈಚೆ ಬಿದ್ದಿತ್ತು. ಆ ಹೆಜ್ಜೆ ಇಡಲು ಅವನಿಗೆ ಆಗುತ್ತಿರಲಿಲ್ಲ. ನೆರಳಿನೊಳಗೆ ಕೂತ ರುಜ್ಜೇರೊ ಕೂಸಿನ ಕಡೆ ನೋಡುವುದು, ಲೀಬೆರಾ ನೋಡಿದರೆ ಮುಖ ತಿರುಗಿಸುವುದು ಮಾಡುತ್ತಿದ್ದ.

ಊಟದ ಗಂಟುಗಳು ಹೊರಬಂದವು. ಅವೂ ಎರಡೇ. ಮೇನಾಳದು ಮೊಟ್ಟೆಯಲ್ಲಿ ಹುರಿದ ಪಾಸ್ತಾ, ಅಂಗಡಿಯ ಬನ್ನು. ಲೀಬೆರಾಳದು ಹೂರಣ ತುಂಬಿದ ಮೆಣಸಿನಕಾಯಿ, ಮತ್ತೆ ರೊಟ್ಟಿ. ಊರಿಂದ ತಂದು ವರ್ಷಗಟ್ಟಲೆ ಸಾಕಿಕೊಂಡ ಹುಳಿಹಿಟ್ಟಿನಿಂದ ತಾನೇ ನಾದಿ ಸುಟ್ಟ, ಗುಮ್ಮಟದ ಹಾಗೆ ಉಬ್ಬಿದ ರೊಟ್ಟಿ. ಒಂದು ಪೆಟ್ಟಿಗೆಯನ್ನು ಮೇಜಿನ ಹಾಗೆ ನಡುವೆ ಇಟ್ಟಿದ್ದರು. ರೊಟ್ಟಿಯನ್ನು ಕೈಯಲ್ಲಿ ಹಿಡಿದು ಲೀಬೆರಾ ಒಂದು ಕ್ಷಣ ನಿಂತಳು.

ಆಮೇಲೆ ಅದನ್ನು ಬೋರಲು ಹಾಕಿದಳು.

ಅವಳ ಊರಿನಲ್ಲಿ ಯಾರೂ, ಕುಡುಕ ಕೂಡ, ರೊಟ್ಟಿಯನ್ನು ಬೋರಲು ಇಡುವುದಿಲ್ಲ. ಅದು ಕ್ರಿಸ್ತನ ಮುಖವನ್ನು ನೆಲಕ್ಕೆ ಒತ್ತಿದ ಹಾಗೆ. ಬೋರಲು ಬಿದ್ದ ರೊಟ್ಟಿಯನ್ನು ಕಂಡವರು ತಿರುಗಿಸಬೇಕು, ತಿರುಗಿಸಿ ಮುತ್ತಿಡಬೇಕು. ಅದು ಯಾರ ಮನೆಯದಾದರೂ ಸರಿ. ಚಿಕ್ಕವಳಿದ್ದಾಗ ಮರೆತು ಹಾಗಿಟ್ಟು ತಾಯಿಯಿಂದ ಕೆನ್ನೆಗೆ ಹೊಡೆಸಿಕೊಂಡಿದ್ದಳು.

“ಲೀಬೆ!” ಬಿಸಿಲಿನಿಂದ ಸವೀನೊ ಕೂಗಿದ. “ರೊಟ್ಟಿ!”

“ಅಲ್ಲೇ ನಿಂತ್ಕೊ,” ಅಂದಳು ಅವನ ಕಡೆ ತಿರುಗದೆ. ಕಲಾಬ್ರಿಯಾದ ಹೆಂಗಸು ಶಿಲುಬೆಯ ಗುರುತು ಹಾಕಿಕೊಂಡು ಕೈ ಚಾಚಲು ಹೋದಳು. ಮೇನಾ ಅವಳ ಮಣಿಕಟ್ಟು ಹಿಡಿದು, ನಗುತ್ತ, ತಲೆಯಾಡಿಸಿದಳು.

ರುಜ್ಜೇರೊ ರೊಟ್ಟಿಯನ್ನು ನೋಡಿದ. ಬೇರೆ ಕಡೆ ನೋಡಿದ. ಕತ್ತು ಕೆರೆದುಕೊಂಡ.

“ಕೊಮಾರೆ, ರೊಟ್ಟಿ ಬೋರಲಾಗಿದೆ.”

“ಹೌದಾ? ನನ್ನ ಕೈ ತುಂಬ ಮಗು ಇದೆ ಕಂಪಾರೆ.”

“ಮೇನಾ, ತಿರುಗಿಸು.”

“ನನ್ನ ಕೈಯೆಲ್ಲ ಎಣ್ಣೆ.”

“ನುಂತ್ಸಿಯಾ!”

“ನಾನು ಬರೀ ಮಾತು ದಾಟಿಸೋಳು ಅಪ್ಪಾ. ರೊಟ್ಟಿ ದಾಟಿಸಲ್ಲ.”

ಅವನ ಹಣೆಯಲ್ಲಿ ಬೆವರು ಒಡೆಯಿತು. ರೊಟ್ಟಿ ಹಾಗೇ ಬಿದ್ದಿತ್ತು, ಹಿಟ್ಟು ಅಂಟಿದ ಬೆನ್ನು ಮೇಲೆ ಮಾಡಿಕೊಂಡು. ಕೊನೆಗೆ ಅವನ ಕೈ ಅವನನ್ನು ಕೇಳದೆಯೇ ಎದ್ದಿತು. ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಅದರ ನೆತ್ತಿಗೆ ತುಟಿ ತಾಗಿಸಿದ.

ಆಮೇಲೆ ಹಾಗೇ ಹಿಡಿದುಕೊಂಡು ಕೂತ. ತಾನು ಮುಟ್ಟುವುದಿಲ್ಲವೆಂದ ರೊಟ್ಟಿ ತೊಡೆಯ ಮೇಲಿತ್ತು.

“ಮೋಸ ಮಾಡಿದ್ರಿ ಕೊಮಾರೆ.”

“ಮಾಡಿದೆ,” ಅಂದಳು ಲೀಬೆರಾ. “ಇದು ನನ್ನ ರೊಟ್ಟಿ ಕಂಪಾರೆ. ನಾದಿದ್ದು ನಾನು, ಸುಟ್ಟಿದ್ದು ನಾನು. ಇದನ್ನ ನೀವು ಅವನ ರೊಟ್ಟಿ ಅಂದ್ರಿ. ಅವನು ನನ್ನ ಹೊಟ್ಟೆ ತೋರಿಸಿ ಒಳಗೆ ಹೋದ. ನೀವು ನನ್ನ ರೊಟ್ಟಿಗೆ ಅವನ ಹೆಸರಿಟ್ಟು ಹೊರಗೆ ನಿಂತ್ರಿ. ನಾನೂ ಗೇಟಲ್ಲೇ ಇದ್ದೆನಲ್ಲ, ನನ್ನ ಹೊದಿಕೆ ನಿಮ್ಮ ತಲೆ ಮೇಲಿದೆ ನೋಡಿ. ನನ್ನನ್ನ ಅವನೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ.”

ರೇಡಿಯೊ ಎಲ್ಲೋ ಹಾಡುತ್ತಿತ್ತು. ರುಜ್ಜೇರೊ ಮೇಲೆ ನೋಡಿದ. ಬಿಳಿ ಅಕ್ಷರಗಳ ಅಂಚಿನಲ್ಲಿ ಸಣ್ಣ ಸಣ್ಣ ಹೊಲಿಗೆ, ಒಂದು ಅಕ್ಷರದ ಮೂಲೆಯಲ್ಲಿ ಕತ್ತರಿಗೆ ಸಿಕ್ಕಿ ಅರ್ಧ ಉಳಿದ ಕಸೂತಿ ಹೂವು.

“ಇಲ್ಲ. ಕೇಳ್ಲಿಲ್ಲ,” ಅಂದ.

ಚಾಕು ತೆಗೆದ. ಅವರ ಕಡೆಯ ಗಂಡಸರು ಕತ್ತರಿಸುವ ಹಾಗೆ ರೊಟ್ಟಿಯನ್ನು ಎದೆಗೆ ಒತ್ತಿಕೊಂಡು, ಚಾಕುವನ್ನು ತನ್ನ ಕಡೆಗೆ ಎಳೆದು, ಮೊದಲ ತುಂಡು ಲೀಬೆರಾಳಿಗೆ ಕೊಟ್ಟ. ಆಮೇಲೆ ಎಲ್ಲರಿಗೂ. ಕಲಾಬ್ರಿಯಾದವರಿಗೂ. ಒಂದು ತುಂಡು ಕೈಯಲ್ಲುಳಿಯಿತು. ಅದು ರೊಟ್ಟಿಯ ತುದಿ, ಗಟ್ಟಿ ಸಿಪ್ಪೆಯ ಭಾಗ. ಹುಡುಗರಾಗಿದ್ದಾಗ ಅವನೂ ಸವೀನೊನೂ ಅದಕ್ಕಾಗಿ ಮಣ್ಣಿನಲ್ಲಿ ಹೊರಳಾಡಿ ಬಡಿದಾಡಿದ್ದರು.

“ಕಂಪಾರೆ,” ಎಂದು ನೇರವಾಗಿ ಕೂಗಿದ. “ಬಿಸಿಲಲ್ಲಿ ನಿಂತು ಸಾಯ್ಬೇಡಿ. ನಂಗೆ ಈ ಕಾರು ಓಡಿಸೋಕೆ ಬರಲ್ಲ, ಇದರ ಗೇರು ಹಾಳು.”

ಸವೀನೊ ಅಲ್ಲಿಂದಲೇ ಅಂದ: “ಆ ಬಟ್ಟೆ ಕೆಳಗೆ ಬರೋ ಮುಖ ನಂಗಿಲ್ಲ.”

“ಇಲ್ಲ ಅಂತ ನಂಗೂ ಗೊತ್ತು. ಆದ್ರೂ ಬನ್ನಿ.”

ಸವೀನೊ ಆ ಒಂದು ಹೆಜ್ಜೆ ಇಟ್ಟ. ಒಳಗೆ ಬಂದು, ಕೂರದೆ, ರೊಟ್ಟಿಯ ತುದಿಯನ್ನು ಕೈಯಲ್ಲಿ ಹಿಡಿದು ನಿಂತ. ತಿನ್ನಲಿಲ್ಲ.

“ಮಗುವನ್ನ ಹಿಡೀತೀನಿ,” ರುಜ್ಜೇರೊ ಅಂದ. “ಮಾತು ಕೊಟ್ಟಿದೀನಿ, ಹಿಡೀತೀನಿ. ಆದ್ರೆ ಒಂದು ತಿಳ್ಕೊಳ್ಳಿ. ಜ್ಞಾನ ತಂದೆ ಅಂದ್ರೆ ಹಬ್ಬಕ್ಕೆ ಬೆಳ್ಳಿ ಚಮಚ ಕೊಡೋನಲ್ಲ. ಇವನಿಗೆ ಅರ್ಥ ಆಗೋ ವಯಸ್ಸಾದ ದಿನ ಗೇಟಲ್ಲಿ ಏನು ನಡೀತು ಅಂತ ನಾನೇ ಹೇಳ್ತೀನಿ. ಒಂದಕ್ಷರ ಬಿಡಲ್ಲ. ನಿಮ್ಮ ಹೆಸರೂ ಬಿಡಲ್ಲ.”

ಸವೀನೊ ತಲೆ ತಗ್ಗಿಸಿದ. ಬೆವರೋ ಇನ್ನೇನೋ ಮೂಗಿನ ತುದಿಯಿಂದ ಇಳಿಯಿತು.

“ಹೇಳಿ,” ಅಂದ. “ನಾನು ಹೇಳಿದ್ರೆ ನನ್ನ ಕಡೆಗೇ ತಿರುಗಿಸಿ ಹೇಳ್ತೀನಿ. ನೀವೇ ಹೇಳಿ. ನಾನೂ ಪಕ್ಕದಲ್ಲಿ ಕೂತು ಕೇಳ್ತೀನಿ.”

“ಹಾಗಾದ್ರೆ ಪ್ರತಿ ಆಗಸ್ಟಿಗೆ ಕರ್ಕೊಂಡು ಬರ್ಬೇಕು. ನಾವು ಇನ್ನು ಊರಲ್ಲೇ.”

ಸವೀನೊ ಥಟ್ಟನೆ ತಲೆಯೆತ್ತಿ ಕಾರಿನ ನೆತ್ತಿಯ ಹೊಲಿಗೆ ಯಂತ್ರ ನೋಡಿದ. ಆಗಷ್ಟೇ ಅವನಿಗೆ ತಿಳಿಯಿತು. ಆಮೇಲೆ ಆ ಗಟ್ಟಿ ತುದಿಯನ್ನು ಎರಡಾಗಿ ಮುರಿಯಲು ನೋಡಿದ. ಮುರಿಯಲಿಲ್ಲ. ರುಜ್ಜೇರೊ ಇನ್ನೊಂದು ಕೊನೆ ಹಿಡಿದು ಎಳೆದ. ಮುರಿಯಿತು. ಇಬ್ಬರೂ ಅಗಿದರು, ಒಬ್ಬರ ಮುಖ ಒಬ್ಬರು ನೋಡದೆ.

ಮುಂದೆಲ್ಲೋ ಹಾರ್ನು ಕೇಳಿಸಿತು. ಸಾಲು ಅಲುಗಿತು. ಗಡಿಬಿಡಿಯಲ್ಲಿ ಬಾವುಟ ಬಿಚ್ಚಿದರು. ಲೀಬೆರಾ ಒಂದು ಕೊನೆ, ರುಜ್ಜೇರೊ ಒಂದು ಕೊನೆ ಹಿಡಿದು, ಒಗೆದ ಹೊದಿಕೆ ಮಡಚುವ ಹಾಗೆ ಮಡಚುತ್ತ ಹತ್ತಿರ ಬಂದರು. ಪೂರ್ತಿ ಮಡಚಲಿಲ್ಲ. ಕಿಟಕಿಗೆ ಪರದೆಯಾಗಿ ಸಿಕ್ಕಿಸಿದರು, ಕೂಸಿಗೆ ಬಿಸಿಲು ತಾಗದಿರಲಿ ಎಂದು. ರುಜ್ಜೇರೊನ ಹಗ್ಗ ಅವಸರದಲ್ಲಿ ವ್ಯಾನಿನ ಕಂಬಿಯಲ್ಲೇ ಹೊರಟುಹೋಯಿತು. ಅವನು ಗೊಣಗುತ್ತ ಸವೀನೊನ ಹಗ್ಗದ ಉಳಿದ ಮಾರುದ್ದವನ್ನು ಎಳೆದು ಹೊಲಿಗೆ ಯಂತ್ರಕ್ಕೆ ಬಿಗಿದ.

ಲೀಬೆರಾ ಕೂಸಿನ ಜೊತೆ ಹಿಂದೆ ಹತ್ತಿ ಮೇನಾಳ ಭುಜಕ್ಕೆ ಒರಗಿದಳು. ಮುಂದಿನ ಬಾಗಿಲು ತೆಗೆದು ಕೂತವನು ರುಜ್ಜೇರೊ. ತಿರುಗಿ ಬರುವಾಗ ಈ ಹಿಂದಿನ ಸೀಟು ಎಷ್ಟು ದೊಡ್ಡದಾಗಿ ಕಾಣುತ್ತದೋ ಎಂದು ನೆನೆದು ಅವಳು ಮೇನಾಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಕಾರು ಹೊರಟಿತು. ಹೀಟರು ಭುಸ್ಸೆಂದಿತು.

“ಅದನ್ನ ಆರಿಸಿ ಕಂಪಾರೆ.”

“ಆರಿಸಿದ್ರೆ ಕುದಿಯುತ್ತೆ.”

“ಕುದಿಯೋದು ಹೀಟರಿಂದಲ್ಲ, ನೀವು ಓಡಿಸೋ ರೀತಿಯಿಂದ. ಎರಡನೇ ಗೇರಲ್ಲಿ ಎಷ್ಟು ಹೊತ್ತು ಎಳೀತೀರಿ?”

“ಇದು ನನ್ನ ಕಾರೋ ನಿಮ್ಮದೋ?”

“ಹಿಂಗೆ ಓಡಿಸಿದ್ರೆ ಇನ್ನು ಸ್ವಲ್ಪ ಹೊತ್ತಿಗೆ ಯಾರದೂ ಅಲ್ಲ!”

“ನಂಗೆ ಕೊಡ್ಬೇಕಾದ ಐಸ್‌ಕ್ರೀಮು ಹಂಗೇ ಇದೆ,” ನುಂತ್ಸಿಯಾ ಮುಖ ಊದಿಸಿಕೊಂಡು ಅಂದಳು. “ಈಗ ಕೆಲಸಾನೂ ಹೋಯ್ತು.”

ಇಬ್ಬರ ದನಿಯೂ ಏರುತ್ತಿತ್ತು. ಕೆಂಪು ಪರದೆಯ ಬೆಳಕಿನಲ್ಲಿ ಕೂಸು ಬಾಯಿ ಅರೆತೆರೆದು, ತುಟಿಯ ಮೇಲೆ ಹಾಲಿನ ಗುಳ್ಳೆ ಇಟ್ಟುಕೊಂಡು ನಿದ್ದೆ ಹೋಗಿತ್ತು.

“ಇಬ್ಬರೂ ಬಾಯಿ ಮುಚ್ಚಿ,” ಅಂದಳು ಲೀಬೆರಾ. “ಮಗು ಮಲಗಿದೆ.”

ಇಬ್ಬರೂ ಮುಚ್ಚಿದರು.